ಆಕ್ಸೆಸ್ ಪಾಯಿಂಟ್ ಜಾಸ್ತಿ ಮಾಡಿದ ಮೇಲೆ ವೈಫೈ ಇನ್ನಷ್ಟು ಹಾಳಾಗಿದ್ದು ಯಾಕೆ?

ಪ್ರಶ್ನೆ: ನಮ್ಮ ಸಭಾಂಗಣದಲ್ಲಿ 800 ಆಸನಗಳಿವೆ. ಮೊದಲು 12 ವೈಫೈ ಆಕ್ಸೆಸ್ ಪಾಯಿಂಟ್ (ವೈಫೈ ಸಿಗ್ನಲ್ ಕೊಡುವ ಪೆಟ್ಟಿಗೆ) ಇದ್ದವು. ಜನ ತುಂಬಿದಾಗ ನೆಟ್ ನಿಂತುಹೋಗುತ್ತದೆ ಅಂತ ದೂರು ಬಂದಿದ್ದಕ್ಕೆ 24 ಮಾಡಿದೆವು. ಈಗ ಹಾಲ್ ಖಾಲಿ ಇದ್ದಾಗ ಸ್ಪೀಡ್ ಟೆಸ್ಟ್ ತುಂಬಾ ಚೆನ್ನಾಗಿ ಬರುತ್ತದೆ, ತುಂಬಿದಾಗ ಮಾತ್ರ ಮೊದಲಿಗಿಂತಲೂ ಹಾಳು. ಎಲ್ಲರ ಫೋನಿನಲ್ಲೂ ಸಿಗ್ನಲ್ ಕಡ್ಡಿ ಪೂರ್ತಿ ಇರುತ್ತದೆ. ಎಲ್ಲ ಆಕ್ಸೆಸ್ ಪಾಯಿಂಟ್‌ಗಳಲ್ಲೂ 2.4 ಮತ್ತು 5 ಗಿಗಾಹರ್ಟ್ಸ್ ಎರಡೂ ಆನ್ ಇವೆ, ಚಾನೆಲ್ ಅಗಲ 80 ಮೆಗಾಹರ್ಟ್ಸ್, ಪವರ್ ಫುಲ್, ಒಟ್ಟು 5 ಹೆಸರಿನ ನೆಟ್‌ವರ್ಕ್ ಇಟ್ಟಿದ್ದೇವೆ. ಇನ್ನೂ ಕೆಲವು ಆಕ್ಸೆಸ್ ಪಾಯಿಂಟ್ ಹಾಕಬೇಕಾ, ಇಲ್ಲ ವೈಫೈ 7ಕ್ಕೆ ಹೋಗಬೇಕಾ?

ಉತ್ತರ: ಎರಡೂ ಬೇಡ. ಈಗಂತೂ ಬೇಡ. ಇರುವ 24ರಲ್ಲೇ ನಿಮ್ಮ ಹಾಲ್ ಚೆನ್ನಾಗಿ ನಡೆಯಬೇಕು. ನಡೆಯುತ್ತಿಲ್ಲ ಅಂದರೆ ಕಾರಣ ಸೆಟ್ಟಿಂಗ್‌ನಲ್ಲಿದೆ, ಮತ್ತು ನೀವು ಕೊನೆಯಲ್ಲಿ ಬರೆದ ನಾಲ್ಕು ವಿವರಗಳಲ್ಲೇ ಅದು ಹೆಚ್ಚುಕಮ್ಮಿ ಪೂರ್ತಿ ಕಾಣುತ್ತಿದೆ. ಬಿಡಿಸಿ ಹೇಳುತ್ತೇನೆ, ಸ್ವಲ್ಪ ಉದ್ದವಾಗುತ್ತದೆ. ಸುಮ್ನೆ ಇದನ್ನು ಆಫ್ ಮಾಡಿ, ಅದನ್ನು ಇಳಿಸಿ ಅಂತ ಹೇಳಿ ಮುಗಿಸಿದರೆ ಇನ್ನೊಂದು ಜಾಗದಲ್ಲಿ ಮತ್ತೆ ಇದೇ ತೊಂದರೆ ಎದುರಾಗುತ್ತದೆ.

ಮೊದಲು ಸಿಗ್ನಲ್ ಕಡ್ಡಿಯನ್ನು ನಂಬುವುದು ಬಿಡಿ. ಆಕ್ಸೆಸ್ ಪಾಯಿಂಟ್ ಫೋನಿಗೆ ಎಷ್ಟು ಜೋರಾಗಿ ಕೇಳಿಸುತ್ತಿದೆ ಅನ್ನುವುದಷ್ಟೇ ಅದರಲ್ಲಿ ಕಾಣುತ್ತದೆ. ಫೋನಿಗೆ ತನ್ನ ಡೇಟಾ ಕಳಿಸಲು ಸರದಿ ಸಿಗುತ್ತಿದೆಯಾ ಅನ್ನುವುದು ಕಾಣುವುದಿಲ್ಲ. ಜನ ಕಿಕ್ಕಿರಿದ ಜಾಗದಲ್ಲಿ ಕೊರತೆ ಬೀಳುವುದು ಆ ಸರದಿಗೇ, ಸಿಗ್ನಲ್‌ಗಲ್ಲ.

ವೈಫೈನಲ್ಲಿ ಒಂದು ಚಾನೆಲ್ ಅಂದರೆ ಇಡೀ ಹಾಲಿಗೆ ಒಂದೇ ಮೈಕ್ ಇದ್ದ ಹಾಗೆ. ಒಂದು ಹೊತ್ತಿಗೆ ಒಬ್ಬರೇ ಮಾತಾಡಬೇಕು. ಪ್ರತಿ ಸಾಧನವೂ ಕಳಿಸುವ ಮೊದಲು ಚಾನೆಲ್ ಕೇಳಿಸಿಕೊಳ್ಳುತ್ತದೆ. ಬೇರೆ ಯಾವುದಾದರೂ ವೈಫೈ ಸಾಧನ ಕಳಿಸುತ್ತಿರುವುದು ಸುಮಾರು ಮೈನಸ್ 82 ಡಿಬಿಎಂ (ಸಿಗ್ನಲ್ ಬಲದ ಅಳತೆ, ಮೈನಸ್ ಸಂಖ್ಯೆ ದೊಡ್ಡದಾದಷ್ಟೂ ಸಿಗ್ನಲ್ ಕ್ಷೀಣ) ಅಥವಾ ಅದಕ್ಕಿಂತ ಜೋರಾಗಿ ಕೇಳಿಸಿದರೆ ಸುಮ್ಮನಾಗುತ್ತದೆ. ಅದು ಯಾರ ನೆಟ್‌ವರ್ಕ್, ಯಾವ ಹೆಸರು ಅಂತ ನೋಡುವುದಿಲ್ಲ. ನಿಮ್ಮದೇ ಎರಡು ಆಕ್ಸೆಸ್ ಪಾಯಿಂಟ್ ಒಂದೇ ಚಾನೆಲ್‌ನಲ್ಲಿದ್ದು ಒಂದಕ್ಕೊಂದು ಕೇಳಿಸುತ್ತಿದ್ದರೆ, ಅವು ಸರದಿ ಹಂಚಿಕೊಳ್ಳುತ್ತವೆ ಅಷ್ಟೆ. ಎರಡು ಇವೆ ಅಂತ ಎರಡರಷ್ಟು ಡೇಟಾ ಹೋಗುವುದಿಲ್ಲ. ಎರಡರದ್ದೂ ಬೀಕನ್ (ನಾನಿದ್ದೇನೆ ಅಂತ ಆಕ್ಸೆಸ್ ಪಾಯಿಂಟ್ ಆಗಾಗ ಸಾರುವ ಸಂದೇಶ), ಎರಡರದ್ದೂ ನಿಯಂತ್ರಣದ ಫ್ರೇಮ್‌ಗಳು ಅದೇ ಚಾನೆಲ್ ಮೇಲೆ ಬೀಳುವುದರಿಂದ ಒಟ್ಟು ಕೆಲಸ ಸ್ವಲ್ಪ ಕಡಿಮೆಯೇ ಆಗುತ್ತದೆ.

ಹಾಗಾದರೆ ಎಷ್ಟು ದೂರ ಇಟ್ಟರೆ ಒಂದಕ್ಕೊಂದು ಕೇಳಿಸುವುದಿಲ್ಲ? ಲೆಕ್ಕ ಹಾಕಿ ನೋಡಿ. 5 ಗಿಗಾಹರ್ಟ್ಸ್‌ನಲ್ಲಿ ತೆರೆದ ಜಾಗದಲ್ಲಿ ಮೊದಲ ಒಂದು ಮೀಟರಿಗೇ ಸುಮಾರು 47 ಡಿಬಿ (ಸಿಗ್ನಲ್ ಎಷ್ಟು ಏರಿತು, ಇಳಿಯಿತು ಅನ್ನುವ ಅಳತೆ) ಕಳೆಯುತ್ತದೆ, ಆಮೇಲೆ ದೂರ ಎರಡರಷ್ಟಾದಾಗಲೆಲ್ಲ 6 ಡಿಬಿ. ನಿಮ್ಮ ಆಕ್ಸೆಸ್ ಪಾಯಿಂಟ್ 20 ಡಿಬಿಎಂನಲ್ಲಿ ಕಳಿಸುತ್ತಿದ್ದರೆ 30 ಮೀಟರ್ ಆಚೆ ಅದು ಮೈನಸ್ 57ರಷ್ಟು ಜೋರಾಗಿ ಕೇಳಿಸುತ್ತದೆ. ಮೈನಸ್ 82ಕ್ಕೆ ಇಳಿಯಬೇಕಾದರೆ 500 ಮೀಟರಿಗೂ ಜಾಸ್ತಿ ದೂರ ಬೇಕು. ಪವರ್ ಅನ್ನು 8 ಡಿಬಿಎಂಗೆ ಇಳಿಸಿದರೂ 140 ಮೀಟರ್ ಆಗುತ್ತದೆ. 800 ಜನರ ಹಾಲ್ ಅಷ್ಟು ಉದ್ದ ಇರುವುದಿಲ್ಲ, ಅಲ್ವಾ? ನಡುವೆ ಗೋಡೆ ಇಲ್ಲದ ಹಾಲಿನಲ್ಲಿ ಒಂದೇ ಚಾನೆಲ್ ಅನ್ನು ಎರಡು ಕಡೆ ಬಳಸಿ ಲಾಭ ಪಡೆಯುವುದು ಸಾಮಾನ್ಯ ಆಂಟೆನಾದಲ್ಲಿ ಹೆಚ್ಚುಕಮ್ಮಿ ಆಗದ ಮಾತು. ಕಚೇರಿಯಲ್ಲೋ ಹಾಸ್ಟೆಲಿನಲ್ಲೋ ಇದೇ ಕೆಲಸ ಸುಲಭ, ಯಾಕೆಂದರೆ ಒಂದು ದಪ್ಪ ಕಾಂಕ್ರೀಟ್ ಗೋಡೆಯೇ 10-15 ಡಿಬಿ ತಿನ್ನುತ್ತದೆ, ಎರಡು ಮೂರು ಗೋಡೆ ದಾಟಿದರೆ ಚಾನೆಲ್ ಮತ್ತೆ ಬಳಸಬಹುದು. ಅಲ್ಲಿ ಗೋಡೆ ನಿಮ್ಮ ಪರ. ನಿಮ್ಮ ಹಾಲಿನಲ್ಲಿ ಅದು ಇಲ್ಲ.

ಇದರಿಂದ ಹೊರಡುವ ಮಾತು ಒಂದೇ, ಉಳಿದದ್ದೆಲ್ಲ ಇದರ ಹಿಂದೆ ಬರುತ್ತದೆ: ತೆರೆದ ಹಾಲಿನ ಸಾಮರ್ಥ್ಯವನ್ನು ನಿರ್ಧರಿಸುವುದು ಒಂದರ ಮೇಲೊಂದು ಬೀಳದ ಚಾನೆಲ್‌ಗಳ ಸಂಖ್ಯೆ. ಆಕ್ಸೆಸ್ ಪಾಯಿಂಟ್‌ಗಳ ಸಂಖ್ಯೆ ಅಲ್ಲ.

ಈಗ ನಿಮ್ಮ 80 ಮೆಗಾಹರ್ಟ್ಸ್ ತೆಗೆದುಕೊಳ್ಳಿ. 5 ಗಿಗಾಹರ್ಟ್ಸ್ ಬ್ಯಾಂಡ್‌ನಲ್ಲಿ 80 ಮೆಗಾಹರ್ಟ್ಸ್ ಅಗಲದ ಚಾನೆಲ್‌ಗಳು ಸಿಗುವುದು ದೇಶದ ನಿಯಮ ನೋಡಿಕೊಂಡು 4ರಿಂದ 6. ರೇಡಾರ್ ಜೊತೆ ಹಂಚಿಕೊಳ್ಳಬೇಕಾದ ಚಾನೆಲ್‌ಗಳನ್ನು ಬಿಟ್ಟರೆ ಒಂದೋ ಎರಡೋ. ಅಂದರೆ ನಿಮ್ಮ 24 ಆಕ್ಸೆಸ್ ಪಾಯಿಂಟ್‌ಗಳು ಕೆಲಸ ಮಾಡುತ್ತಿರುವುದು 5 ಇದ್ದ ಹಾಗೆ. 12 ಇದ್ದಾಗಲೂ ಅದು 5 ಆಗಿತ್ತು, 24 ಆದಾಗಲೂ 5. ಬೀಕನ್, ನಿಯಂತ್ರಣದ ಫ್ರೇಮ್ ಇವುಗಳ ಗದ್ದಲ ಮಾತ್ರ ಎರಡರಷ್ಟಾಯಿತು. ಹಾಲ್ ಮೊದಲಿಗಿಂತ ಹಾಳಾಗಿದ್ದು ಇಲ್ಲೇ.

ಚಾನೆಲ್ ಅಗಲವನ್ನು 20 ಮೆಗಾಹರ್ಟ್ಸ್‌ಗೆ ಇಳಿಸಿ. ಆಗ 19ರಿಂದ 25 ಚಾನೆಲ್ ಸಿಗುತ್ತವೆ, ಇದೂ ದೇಶದ ನಿಯಮದ ಮೇಲೆ. 24 ಇದ್ದರೆ ಪ್ರತಿ ಆಕ್ಸೆಸ್ ಪಾಯಿಂಟ್‌ಗೂ ಅದರದ್ದೇ ಚಾನೆಲ್. 19 ಮಾತ್ರ ಇದ್ದರೆ ಐದು ಕಡೆ 5 ಗಿಗಾಹರ್ಟ್ಸ್ ರೇಡಿಯೋ ಆಫ್ ಮಾಡಿ, ಖಂಡಿತ ಆಫ್ ಮಾಡಿ, ದುಡ್ಡು ಕೊಟ್ಟು ತಂದಿದ್ದು ಅಂತ ಉರಿಸಬೇಡಿ. ರೇಡಾರ್ ಚಾನೆಲ್‌ಗಳಿಗೆ ಹೆದರುವವರು ಬಹಳ. ಅವುಗಳ ನಿಯಮ ಕಟ್ಟುನಿಟ್ಟು ಹೌದು: ಶುರು ಮಾಡುವ ಮೊದಲು ಕನಿಷ್ಠ 60 ಸೆಕೆಂಡ್ ಕೇಳಿಸಿಕೊಳ್ಳಬೇಕು, ರೇಡಾರ್ ಕಂಡರೆ 10 ಸೆಕೆಂಡಿನೊಳಗೆ ಜಾಗ ಖಾಲಿ ಮಾಡಬೇಕು, ಆಮೇಲೆ 30 ನಿಮಿಷ ಆ ಕಡೆ ಹೋಗುವಂತಿಲ್ಲ. ಆದರೆ ಹೆಚ್ಚಿನ ಜಾಗಗಳಲ್ಲಿ ಅವು ತಿಂಗಳುಗಟ್ಟಲೆ ತೊಂದರೆ ಕೊಡದೆ ನಡೆಯುತ್ತವೆ. ಕೆಲವು ವಾರ ಲಾಗ್ ನೋಡಿ, ರೇಡಾರ್ ಪದೇ ಪದೇ ಕಾಣುವ ಚಾನೆಲ್ ಇದ್ದರೆ ಅದೊಂದನ್ನು ಪಟ್ಟಿಯಿಂದ ತೆಗೆಯಿರಿ. ಪೂರ್ತಿ ಬಿಟ್ಟುಕೊಟ್ಟರೆ ಅರ್ಧಕ್ಕಿಂತ ಜಾಸ್ತಿ ಬ್ಯಾಂಡ್ ಕಳೆದುಕೊಂಡಂತೆ.

20ಕ್ಕೆ ಇಳಿಸಿದ ಕೂಡಲೇ ಖಾಲಿ ಹಾಲಿನಲ್ಲಿ ನಿಮ್ಮ ಸ್ಪೀಡ್ ಟೆಸ್ಟ್ ನಾಲ್ಕನೇ ಒಂದರಷ್ಟಕ್ಕೆ ಇಳಿಯಬಹುದು. ಯಾರಾದರೂ ಬಂದು ಯಾಕೆ ಹಾಳು ಮಾಡಿದಿರಿ ಅಂತ ಕೇಳುತ್ತಾರೆ. ಒಬ್ಬನಿಗೆ ಎಷ್ಟು ಸ್ಪೀಡ್ ಅನ್ನುವುದು ಮನೆಯ ಪ್ರಶ್ನೆ. ಇಲ್ಲಿ ಕೇಳಬೇಕಾದ್ದು ಒಟ್ಟು 800 ಜನರಿಗೆ ಎಷ್ಟು ಅಂತ. ಅಗಲ ಹೆಚ್ಚಿಸಿದರೆ ಡೇಟಾ ಹೋಗುವ ಹೊತ್ತು ಕಡಿಮೆಯಾಗುತ್ತದೆ, ಸರದಿಗೆ ಕಾಯುವ ಹೊತ್ತು ಕಡಿಮೆಯಾಗುವುದಿಲ್ಲ. 150 ಎಂಬಿಪಿಎಸ್‌ನಲ್ಲಿ 1500 ಬೈಟಿನ ಒಂದು ಪ್ಯಾಕೆಟ್ ಹೋಗಲು 80 ಮೈಕ್ರೋಸೆಕೆಂಡ್ ಸಾಕು. ಅದರ ಮುಂಚೆ 34 ಮೈಕ್ರೋಸೆಕೆಂಡ್ ಕಡ್ಡಾಯ ಕಾಯುವಿಕೆ, ಸರಾಸರಿ 67 ಮೈಕ್ರೋಸೆಕೆಂಡಿನಷ್ಟು ಯಾದೃಚ್ಛಿಕ ಕಾಯುವಿಕೆ, ಆಮೇಲೆ ಪ್ರಿಯಾಂಬಲ್ (ಡೇಟಾ ಬರುತ್ತಿದೆ ಅಂತ ಸಾರುವ ಮೊದಲ ತುಣುಕು), ಕೊನೆಗೆ 16 ಮೈಕ್ರೋಸೆಕೆಂಡ್ ಬಿಟ್ಟು, ತಲುಪಿತು ಅನ್ನುವ ಸ್ವೀಕೃತಿ. ಡೇಟಾಕ್ಕಿಂತ ಇವುಗಳ ಖರ್ಚೇ ಎರಡರಷ್ಟಾಗುತ್ತದೆ. ದೊಡ್ಡ ಫೈಲ್ ಇಳಿಸುವಾಗ ಹಲವು ಪ್ಯಾಕೆಟ್ ಕಟ್ಟುಕಟ್ಟಿ ಒಟ್ಟಿಗೆ ಕಳಿಸಿ ಈ ಖರ್ಚನ್ನು ಹಂಚುತ್ತಾರೆ. ಜನಜಂಗುಳಿಯಲ್ಲಿ ಓಡಾಡುವುದು ಬಹುಪಾಲು ಸಣ್ಣ ಪ್ಯಾಕೆಟ್‌ಗಳು, ಮೆಸೇಜ್, ನೋಟಿಫಿಕೇಶನ್, ಟಿಸಿಪಿ ಸ್ವೀಕೃತಿ. ಅಲ್ಲಿ ಕಟ್ಟು ತುಂಬುವುದೇ ಇಲ್ಲ. 80 ಮೆಗಾಹರ್ಟ್ಸ್ ಕೊಟ್ಟರೆ ಆ 80 ಮೈಕ್ರೋಸೆಕೆಂಡ್ 20ರ ಹತ್ತಿರ ಬರಬಹುದು, ಉಳಿದ ಖರ್ಚು ಹಾಗೆಯೇ ಇರುತ್ತದೆ. ನಾಲ್ಕು ಚಾನೆಲ್ ಒಂದು ಮಾಡಿ ಪಡೆದದ್ದು ಬಹಳ ಕಡಿಮೆ. ಇನ್ನೊಂದು ವಿಷಯ, ಅಗಲ ಎರಡರಷ್ಟಾದಾಗಲೆಲ್ಲ ಗದ್ದಲವೂ 3 ಡಿಬಿ ಏರುತ್ತದೆ.

2.4 ಗಿಗಾಹರ್ಟ್ಸ್ ಕಥೆ ಇನ್ನೂ ಕೆಟ್ಟದಿದೆ. ದಯವಿಟ್ಟು ಈ ಲೆಕ್ಕವನ್ನು ನೀವೇ ಪೇಪರಿನ ಮೇಲೆ ಒಮ್ಮೆ ಹಾಕಿ. ಆ ಬ್ಯಾಂಡ್‌ನಲ್ಲಿ ಒಂದರ ಮೇಲೊಂದು ಬೀಳದ ಚಾನೆಲ್ ಮೂರೇ: 1, 6, 11. 24 ಆಕ್ಸೆಸ್ ಪಾಯಿಂಟ್ ಅಂದರೆ ಒಂದೊಂದರಲ್ಲಿ 8. ಪ್ರತಿ ನೆಟ್‌ವರ್ಕ್ ಹೆಸರಿಗೂ ಬೇರೆ ಬೀಕನ್ ಹೋಗುತ್ತದೆ, 5 ಹೆಸರು, ಅಂದರೆ ಒಂದು ಚಾನೆಲ್ ಮೇಲೆ 40 ಬೀಕನ್. ಇವು ಪ್ರತಿ 102.4 ಮಿಲಿಸೆಕೆಂಡಿಗೆ ಒಮ್ಮೆ ಹೋಗಲೇಬೇಕು. ಬೀಕನ್ 300 ಬೈಟ್ ಇದ್ದು, ಹಳೆಯ ಸಾಧನಗಳಿಗಾಗಿ ಇಟ್ಟ 1 ಎಂಬಿಪಿಎಸ್ ವೇಗದಲ್ಲಿ ಹೋದರೆ ಒಂದಕ್ಕೆ ಸುಮಾರು 2.6 ಮಿಲಿಸೆಕೆಂಡ್. 40ರಿಂದ ಗುಣಿಸಿ. 104 ಮಿಲಿಸೆಕೆಂಡ್ ಬರುತ್ತದೆ, ಇರುವುದು 102.4! ಒಬ್ಬರೂ ಒಂದು ಬೈಟ್ ಕಳಿಸುವ ಮೊದಲೇ ಚಾನೆಲ್ ತುಂಬಿಹೋಗಿದೆ.

ಹಾಗಾಗಿ 2.4 ಅನ್ನು 21 ಕಡೆ ಆಫ್ ಮಾಡಿ, ಮೂರು ಕಡೆ ಉಳಿಸಿ, 1, 6, 11 ಒಂದೊಂದು. ನಡುವಿನ 3, 4, 8 ಅಂತ ಯಾವುದನ್ನೂ ಬಳಸಬೇಡಿ. ಅರ್ಧ ಮೇಲೆ ಬೀಳುವ ಚಾನೆಲ್‌ನವರು ಒಬ್ಬರ ಪ್ರಿಯಾಂಬಲ್ ಇನ್ನೊಬ್ಬರು ಓದಲಾರರು, ಸರದಿ ಬಿಟ್ಟುಕೊಡುವುದಿಲ್ಲ, ಸುಮ್ನೆ ಒಬ್ಬರ ಮೇಲೊಬ್ಬರು ಕಿರುಚುತ್ತಾರೆ. ಒಂದೇ ಚಾನೆಲ್‌ನಲ್ಲಿ ಹಂಚಿಕೊಂಡು ಇರುವುದಕ್ಕಿಂತ ಅದು ಕೆಟ್ಟದ್ದು. ಹೆಸರುಗಳನ್ನು 5ರಿಂದ 2ಕ್ಕೆ ಇಳಿಸಿ: ಸಿಬ್ಬಂದಿಗೆ ಒಂದು, ಬಂದವರಿಗೆ ಒಂದು. ಬೇರೆ ಬೇರೆ ಗುಂಪಿಗೆ ಬೇರೆ ನಿಯಮ ಬೇಕಿದ್ದರೆ ಲಾಗಿನ್ ಆದ ಮೇಲೆ ವಿಎಲ್ಎಎನ್ (ಒಂದೇ ಜಾಲದೊಳಗಿನ ಪ್ರತ್ಯೇಕ ವಿಭಾಗ) ಬದಲಿಸಬಹುದು, ಅದಕ್ಕೆ ಹೊಸ ಹೆಸರು ಬೇಡ. ಕನಿಷ್ಠ ವೇಗವನ್ನು 12 ಎಂಬಿಪಿಎಸ್ ಮಾಡಿ. ಆಗ ಅದೇ ಬೀಕನ್ 0.22 ಮಿಲಿಸೆಕೆಂಡಿನಲ್ಲಿ ಮುಗಿಯುತ್ತದೆ, ಎರಡು ಹೆಸರಿಗೆ ಅರ್ಧ ಮಿಲಿಸೆಕೆಂಡೂ ಆಗುವುದಿಲ್ಲ. 104 ಎಲ್ಲಿ, 0.44 ಎಲ್ಲಿ!

ಕನಿಷ್ಠ ವೇಗದ ಬಗ್ಗೆ ಒಂದು ತಪ್ಪು ತಿಳಿವಳಿಕೆ ಬಹಳ ಕಡೆ ಓಡಾಡುತ್ತಿದೆ, ಅದನ್ನು ಇಲ್ಲೇ ಹೇಳಿಬಿಡುತ್ತೇನೆ. ವೇಗ ಏರಿಸಿದರೆ ಆಕ್ಸೆಸ್ ಪಾಯಿಂಟ್‌ನ ವ್ಯಾಪ್ತಿ ಕುಗ್ಗುತ್ತದೆ, ಹಾಗಾಗಿ ಚಾನೆಲ್ ಮತ್ತೆ ಬಳಸಬಹುದು ಅನ್ನುತ್ತಾರೆ. ಅರ್ಧ ಮಾತ್ರ ಸರಿ. ಪ್ರತಿ ಫ್ರೇಮಿನ ಮುಂದೆ ಇರುವ ಪ್ರಿಯಾಂಬಲ್ ಯಾವಾಗಲೂ ತುಂಬಾ ಗಟ್ಟಿಯಾದ, ನಿಧಾನದ ರೀತಿಯಲ್ಲೇ ಹೋಗುತ್ತದೆ, ಅದನ್ನು ನೀವು ಬದಲಿಸಲು ಬರುವುದಿಲ್ಲ. ದೂರದ ಸಾಧನ ಡೇಟಾ ಓದಲಾರದೆ ಇರಬಹುದು, ಪ್ರಿಯಾಂಬಲ್ ಓದಿ ಸುಮ್ಮನಾಗುವುದಂತೂ ಹೌದು. ಕನಿಷ್ಠ ವೇಗ ಏರಿಸುವುದು ಚಾನೆಲ್ ಮೇಲಿನ ಹೊತ್ತು ಉಳಿಸಲಿಕ್ಕೆ, ಗಡಿ ಹಾಕಲಿಕ್ಕೆ ಅಲ್ಲ.

ಇನ್ನು ಹಾಲ್ ತುಂಬಿದಾಗ ನಿಧಾನವಾಗುವುದಲ್ಲ, ಕುಸಿದೇ ಬೀಳುತ್ತದಲ್ಲ, ಅದು ಯಾಕೆ? ಹಂಚಿಕೊಂಡ ಚಾನೆಲ್‌ನ ಈ ಗುಣ ಮೊದಲಿನಿಂದಲೂ ಗೊತ್ತಿರುವುದೇ. 1971ರಲ್ಲಿ ಹವಾಯಿ ವಿಶ್ವವಿದ್ಯಾಲಯದಲ್ಲಿ ನಾರ್ಮನ್ ಅಬ್ರಾಮ್ಸನ್ ತಂಡ ಶುರು ಮಾಡಿದ ಅಲೋಹಾ ಜಾಲದಲ್ಲಿ ಯಾರು ಬೇಕಾದರೂ ಯಾವಾಗ ಬೇಕಾದರೂ ಕಳಿಸಬಹುದಿತ್ತು, ಅದರ ಗರಿಷ್ಠ ಬಳಕೆ ಚಾನೆಲ್‌ನ 18.4 ಶೇಕಡಾ ಮಾತ್ರ. ಹೊರೆ ಆ ಗರಿಷ್ಠ ಸಿಗುವ ಮಟ್ಟವನ್ನು ದಾಟಿದರೆ ಒಟ್ಟು ಕೆಲಸ ಇಳಿಯುತ್ತಲೇ ಹೋಗುತ್ತದೆ. ವೈಫೈ ಕೇಳಿಸಿಕೊಂಡು ಕಳಿಸುವುದರಿಂದ ಇದಕ್ಕಿಂತ ಬಹಳ ಮೇಲು. ಆದರೂ ಕಾಯುವವರು ಜಾಸ್ತಿಯಾದಾಗ ಅದೂ ಇಳಿಯುತ್ತದೆ ಅಂತ ಜುಸೆಪ್ಪೆ ಬಿಯಾಂಕಿ 2000ದಲ್ಲಿ ಗಣಿತ ಹಾಕಿ ತೋರಿಸಿದರು, ಈಗಲೂ ಈ ಕ್ಷೇತ್ರದವರು ಆ ಮಾದರಿಯಿಂದಲೇ ಕಲಿಯಲು ಶುರು ಮಾಡುತ್ತಾರೆ. ಕಾರಣ ಸರಳ. ಸಾಧನ ಕಳಿಸುವ ಮೊದಲು 0ಯಿಂದ 15ರೊಳಗೆ ಒಂದು ಸಂಖ್ಯೆ ಆರಿಸಿಕೊಂಡು ಅಷ್ಟು ಹೊತ್ತು ಕಾಯುತ್ತದೆ. ಇರುವುದು 16 ಸಂಖ್ಯೆ, ಕಾಯುವವರು 40 ಜನ ಆದರೆ ಇಬ್ಬರು ಒಂದೇ ಸಂಖ್ಯೆ ಆರಿಸುವುದು ಖಚಿತ. ಇಬ್ಬರೂ ಒಟ್ಟಿಗೆ ಕಳಿಸುತ್ತಾರೆ, ಎರಡೂ ಹಾಳು. ಆಮೇಲೆ ಆ ಮಿತಿ 31, 63 ಅಂತ 1023ರವರೆಗೆ ಏರುತ್ತದೆ, ಕಾಯುವುದು ಉದ್ದವಾಗುತ್ತದೆ.

ಇದರ ಮೇಲೆ ನಿಜವಾದ ಪೆಟ್ಟು ಬೀಳುವುದು ಮುಂದೆ. ಡಿಕ್ಕಿಯಿಂದ ಪ್ಯಾಕೆಟ್ ಕಳೆದುಹೋದರೆ ಬಹಳಷ್ಟು ಫೋನ್‌ಗಳು ಸಿಗ್ನಲ್ ಕೆಟ್ಟಿದೆ ಅಂದುಕೊಂಡು ವೇಗ ಇಳಿಸುತ್ತವೆ. ವೇಗ ಇಳಿದರೆ ಅದೇ ಪ್ಯಾಕೆಟ್‌ಗೆ ಜಾಸ್ತಿ ಹೊತ್ತು ಬೇಕು. 150 ಎಂಬಿಪಿಎಸ್‌ನಲ್ಲಿ 80 ಮೈಕ್ರೋಸೆಕೆಂಡ್ ಆಗಿದ್ದು 6 ಎಂಬಿಪಿಎಸ್‌ನಲ್ಲಿ 2000 ಆಗುತ್ತದೆ, 25 ಪಟ್ಟು. ಅಷ್ಟು ಹೊತ್ತು ಉಳಿದವರೆಲ್ಲ ಕಾಯಬೇಕು, ಕಾಯುವವರು ಇನ್ನೂ ಜಾಸ್ತಿ, ಡಿಕ್ಕಿ ಇನ್ನೂ ಜಾಸ್ತಿ, ವೇಗ ಇನ್ನೂ ಇಳಿಯುತ್ತದೆ. ವೈಫೈ ಪ್ರತಿಯೊಬ್ಬರಿಗೂ ಕಳಿಸುವ ಸಲಗಳನ್ನು ಸಮನಾಗಿ ಹಂಚುತ್ತದೆ, ಹೊತ್ತನ್ನು ಅಲ್ಲ. ಅದಕ್ಕೇ ಒಬ್ಬ ನಿಧಾನಿ ಇಡೀ ಚಾನೆಲ್ಲನ್ನು ತನ್ನ ವೇಗದ ಹತ್ತಿರಕ್ಕೆ ಎಳೆಯುತ್ತಾನೆ. ಫ್ರಾನ್ಸಿನ ಮಾರ್ಟಿನ್ ಹ್ಯೂಸ್ ಮತ್ತು ಸಂಗಡಿಗರು 2003ರಲ್ಲೇ ಇದನ್ನು ವಿವರಿಸಿದ್ದಾರೆ. ನಿಮ್ಮ ಕಂಟ್ರೋಲರ್‌ನಲ್ಲಿ ಏರ್‌ಟೈಮ್ ಫೇರ್‌ನೆಸ್ ಅಂತ ಒಂದು ಆಯ್ಕೆ ಇದ್ದರೆ ಆನ್ ಮಾಡಿ (ಎಲ್ಲ ಆಕ್ಸೆಸ್ ಪಾಯಿಂಟ್ ಅನ್ನೂ ಒಟ್ಟಿಗೆ ನಿಯಂತ್ರಿಸುವುದೇ ಕಂಟ್ರೋಲರ್). ಅದು ಆಕ್ಸೆಸ್ ಪಾಯಿಂಟ್‌ನಿಂದ ಫೋನಿಗೆ ಹೋಗುವ ದಿಕ್ಕಿನಲ್ಲಿ ಹೊತ್ತನ್ನು ಸಮನಾಗಿ ಹಂಚುತ್ತದೆ, ಫೋನಿನಿಂದ ಬರುವುದಕ್ಕೆ ಅಷ್ಟಾಗಿ ಉಪಯೋಗವಿಲ್ಲ.

ಪವರ್ ಫುಲ್ ಇಟ್ಟಿದ್ದು ಯಾಕೆ ತಪ್ಪು ಅಂದರೆ, ಫೋನ್ ಅಷ್ಟು ಜೋರಾಗಿ ಕಳಿಸಲಾರದು. ಬಹುಪಾಲು ಫೋನ್‌ಗಳು 12ರಿಂದ 15 ಡಿಬಿಎಂ ಹತ್ತಿರ. ಆಕ್ಸೆಸ್ ಪಾಯಿಂಟ್ 20 ಅಥವಾ ಅದಕ್ಕಿಂತ ಮೇಲಿದ್ದರೆ ಫೋನಿಗೆ ದೂರದ್ದೂ ಜೋರಾಗಿ ಕೇಳಿಸುತ್ತದೆ, ಹಾಲಿನ ಆ ತುದಿಯದ್ದಕ್ಕೆ ಅಂಟಿಕೊಂಡು ಕೂರುತ್ತದೆ, ಅದು ಕಳಿಸಿದ್ದು ಮಾತ್ರ ಅಲ್ಲಿಗೆ ಸರಿಯಾಗಿ ತಲುಪುವುದಿಲ್ಲ. 10-12ರ ಆಸುಪಾಸಿಗೆ ಇಳಿಸಿ. ಇದರಿಂದ ಚಾನೆಲ್ ಮತ್ತೆ ಬಳಸಲು ಸಿಗುವುದಿಲ್ಲ ಅಂತ ಮೇಲಿನ ಲೆಕ್ಕದಲ್ಲೇ ನೋಡಿದೆವು, ಆದರೆ ಜನ ಹತ್ತಿರದ ಆಕ್ಸೆಸ್ ಪಾಯಿಂಟ್ ಹಿಡಿಯುತ್ತಾರೆ, 24ಕ್ಕೂ ಸಮನಾಗಿ ಹಂಚಿಹೋಗುತ್ತಾರೆ. ಅದೇ ದೊಡ್ಡ ಲಾಭ. ಎಲ್ಲಿಗೆ ಸೇರಬೇಕು ಅಂತ ನಿರ್ಧರಿಸುವುದು ಫೋನೇ, ನಿಮ್ಮ ಕಂಟ್ರೋಲರ್ ಅಲ್ಲ, ಅದು ನೆನಪಿರಲಿ. 802.11ಕೆ ಮತ್ತು 802.11ವಿ ಅನ್ನುವ ಆಯ್ಕೆಗಳನ್ನು ಆನ್ ಮಾಡಿದರೆ ಫೋನಿಗೆ ನೆರೆಯ ಆಕ್ಸೆಸ್ ಪಾಯಿಂಟ್‌ಗಳ ಪಟ್ಟಿಯೂ ಸಲಹೆಯೂ ಸಿಗುತ್ತದೆ. ಸಿಗ್ನಲ್ ಕಡಿಮೆ ಇರುವವರನ್ನು ಒದ್ದು ಹೊರಗೆ ಹಾಕುವ ಆಯ್ಕೆಗಳಿಂದ ದೂರ ಇರಿ. ಹೊರಗೆ ಬಿದ್ದ ಫೋನ್ ಸುಮ್ಮನಿರುವುದಿಲ್ಲ, ಎಲ್ಲ ಚಾನೆಲ್‌ನಲ್ಲೂ ಹುಡುಕುತ್ತದೆ, ಕೇಳಿಸಿಕೊಂಡ ಪ್ರತಿ ಆಕ್ಸೆಸ್ ಪಾಯಿಂಟೂ ಉತ್ತರ ಕೊಡುತ್ತದೆ, ಮತ್ತೆ ಅದೇ ಗದ್ದಲ.

ಚಾವಣಿ ತುಂಬಾ ಎತ್ತರ ಇದ್ದರೆ ಸುತ್ತಲೂ ಹರಡುವ ಆಂಟೆನಾ ಬದಲು ಕೆಳಗೆ ಒಂದು ಭಾಗಕ್ಕಷ್ಟೇ ಬೀಳುವ ದಿಕ್ಕಿನ ಆಂಟೆನಾ ಒಳ್ಳೆಯದು. ದೊಡ್ಡ ಕ್ರೀಡಾಂಗಣಗಳಲ್ಲಿ ಆಸನದ ಕೆಳಗೇ ಆಕ್ಸೆಸ್ ಪಾಯಿಂಟ್ ಇಡುತ್ತಾರೆ. ಮನುಷ್ಯರ ಮೈ ಸಿಗ್ನಲ್ ಅನ್ನು ಚೆನ್ನಾಗಿ ಹೀರಿಕೊಳ್ಳುವುದರಿಂದ ಜನರೇ ಅಲ್ಲಿ ಗೋಡೆಯ ಕೆಲಸ ಮಾಡುತ್ತಾರೆ, ಆಗ ಚಾನೆಲ್ ಮತ್ತೆ ಬಳಸಲು ಸಿಗುತ್ತದೆ. 800 ಆಸನಕ್ಕೆ ಅಷ್ಟು ಖರ್ಚು ಬೇಕಿಲ್ಲ. ಎರಡು ಆಕ್ಸೆಸ್ ಪಾಯಿಂಟ್ ಪಕ್ಕಪಕ್ಕ ಇದ್ದರೆ ಚಾನೆಲ್ ಬೇರೆಯಾಗಿದ್ದರೂ ಒಂದರ ಗದ್ದಲ ಇನ್ನೊಂದಕ್ಕೆ ನುಗ್ಗುತ್ತದೆ, ಕನಿಷ್ಠ ಮೂರು ಮೀಟರ್ ಬಿಡಿ.

ಇಷ್ಟು ಮಾಡಿದರೆ ಸಾಕಾಗುತ್ತದಾ? 800ರಲ್ಲಿ ಅರ್ಧ, 400 ಸಾಧನ ಒಟ್ಟಿಗೆ ಕೆಲಸ ಮಾಡುತ್ತಿವೆ, ಒಂದಕ್ಕೆ 1.5 ಎಂಬಿಪಿಎಸ್ ಅಂತ ಹಿಡಿಯಿರಿ. ಒಟ್ಟು 600. 20 ಮೆಗಾಹರ್ಟ್ಸ್‌ನ ಒಂದು ರೇಡಿಯೋ ಜನಜಂಗುಳಿಯಲ್ಲಿ ಎಲ್ಲ ಖರ್ಚು ಕಳೆದು 60 ಎಂಬಿಪಿಎಸ್ ಕೊಡುತ್ತದೆ ಅಂತ ನಾನು ಲೆಕ್ಕಕ್ಕೆ ಹಿಡಿಯುತ್ತೇನೆ, ಜಾಸ್ತಿ ಬಂದರೆ ಸಂತೋಷ. 20 ರೇಡಿಯೋಗೆ 1200. ಒಂದೊಂದರ ಮೇಲೆ 20 ಸಾಧನ. ಆರಾಮಾಗಿ ನಡೆಯುತ್ತದೆ. ಈಗಿನ ಹಾಗೆ 5 ಚಾನೆಲ್ ಇದ್ದರೆ ಒಂದೊಂದರ ಮೇಲೆ 80 ಸಾಧನ ಕಾದಾಡುತ್ತವೆ.

ಇದರ ನಡುವೆ ಐಪಿ ವಿಳಾಸ ಮರೆಯಬೇಡಿ. ಒಂದು /24 (ಐಪಿ ವಿಳಾಸಗಳ ಗುಂಪಿನ ಒಂದು ಅಳತೆ) ಇಟ್ಟರೆ ಸಿಗುವುದು 254. ವೈಫೈ ಸರಿ ಇದ್ದರೂ 255ನೆಯವರಿಗೆ ನೆಟ್ ಸಿಗುವುದಿಲ್ಲ, ದೂರು ಮಾತ್ರ ವೈಫೈ ಮೇಲೆ ಬರುತ್ತದೆ. ಈಗಿನ ಫೋನ್‌ಗಳು ಮ್ಯಾಕ್ ವಿಳಾಸ (ಸಾಧನದ ಗುರುತಿನ ಸಂಖ್ಯೆ) ಬದಲಿಸಿಕೊಳ್ಳುವುದರಿಂದ ಒಬ್ಬರೇ ಎರಡು ಮೂರು ಐಪಿ ಹಿಡಿದಿರಬಹುದು. ಇದಕ್ಕಿಂತ ದೊಡ್ಡ ಗುಂಪಾದ /21 ಇಡಿ, ಲೀಸ್ (ಒಂದು ವಿಳಾಸ ಒಬ್ಬರ ಹತ್ತಿರ ಉಳಿಯುವ ಅವಧಿ) ಒಂದು ಗಂಟೆಗೆ ಇಳಿಸಿ, ಒಬ್ಬರಿಗೊಬ್ಬರು ನೇರವಾಗಿ ಕಳಿಸದಂತೆ ಕ್ಲೈಂಟ್ ಐಸೊಲೇಶನ್ ಆನ್ ಮಾಡಿ, ಬ್ರಾಡ್‌ಕಾಸ್ಟ್ (ಎಲ್ಲರಿಗೂ ಒಟ್ಟಿಗೆ ಹೋಗುವ ಸಂದೇಶ) ಕಡಿಮೆಯಾಗುತ್ತದೆ.

ವೈಫೈ 7 ಬಗ್ಗೆ. ಅದಕ್ಕೂ ಮುಂಚೆ ಬಂದ ವೈಫೈ 6 ಇಂಥ ಜಾಗಕ್ಕೆಂದೇ ಮಾಡಿದ್ದು. ಅದರ ಒಎಫ್‌ಡಿಎಂಎ ಅನ್ನುವ ವಿಧಾನ 20 ಮೆಗಾಹರ್ಟ್ಸ್ ಚಾನೆಲ್ಲನ್ನೂ 9 ಜನರವರೆಗೆ ಒಂದೇ ಸರದಿಯಲ್ಲಿ ಹಂಚಬಲ್ಲದು, ಸಣ್ಣ ಪ್ಯಾಕೆಟ್‌ಗಳ ಆ ಖರ್ಚಿಗೆ ನೇರ ಮದ್ದು ಅದು. ಆದರೆ ಬಂದವರ ಫೋನ್‌ಗಳಲ್ಲಿ ಹೆಚ್ಚಿನವು ಅದನ್ನು ಬಲ್ಲವಾಗಿರಬೇಕು. ಬಿಎಸ್‌ಎಸ್ ಕಲರಿಂಗ್ ಬಗ್ಗೆ ಮಾರಾಟದವರು ಬಹಳ ಹೇಳುತ್ತಾರೆ: ನೆರೆಯ ನೆಟ್‌ವರ್ಕಿನ ಫ್ರೇಮ್ ಅಂತ ಗುರುತಿಸಿ ಅದನ್ನು ಲೆಕ್ಕಿಸದೆ ಕಳಿಸುವ ಅವಕಾಶ. ಆ ಅವಕಾಶ ಅತಿ ಹೆಚ್ಚೆಂದರೆ ಮೈನಸ್ 62 ಡಿಬಿಎಂವರೆಗೆ. ನಿಮ್ಮ ಹಾಲಿನಲ್ಲಿ ನೆರೆಯದ್ದು ಈಗ ಮೈನಸ್ 57ರಲ್ಲಿ ಕೇಳಿಸುತ್ತಿದೆ, ಹಾಗಾಗಿ ಅದರಿಂದ ಹೇಳಿಕೊಳ್ಳುವಂಥ ಉಪಯೋಗ ಇಲ್ಲ. ವೈಫೈ 7ರ 320 ಮೆಗಾಹರ್ಟ್ಸ್ ಅಗಲದ ಚಾನೆಲ್ ನಿಮ್ಮಂಥ ಜಾಗಕ್ಕೆ ಬೇಡವೇ ಬೇಡ.

ಹೊಸದರಲ್ಲಿ ಮನಸ್ಸಿಟ್ಟು ನೋಡಬೇಕಾದ್ದು 6 ಗಿಗಾಹರ್ಟ್ಸ್ ಬ್ಯಾಂಡ್. ಅಮೆರಿಕ 2020ರಲ್ಲಿ 1200 ಮೆಗಾಹರ್ಟ್ಸ್ ಬಿಟ್ಟುಕೊಟ್ಟಿತು, ಅಲ್ಲಿ 20ರ ಚಾನೆಲ್ 59 ಸಿಗುತ್ತವೆ. ಯುರೋಪಿನ ಹಾಗೆ ಕೆಳಗಿನ 480 ಮೆಗಾಹರ್ಟ್ಸ್ ಮಾತ್ರ ಕೊಟ್ಟ ಕಡೆಯೂ 24 ಸಿಗುತ್ತವೆ. ಅಲ್ಲಿ ಹಳೆಯ ಸಾಧನಗಳು ಬರುವಂತೆಯೇ ಇಲ್ಲ, 1 ಎಂಬಿಪಿಎಸ್ ಬೀಕನ್‌ನ ಪ್ರಶ್ನೆಯೇ ಏಳುವುದಿಲ್ಲ. ಆಕ್ಸೆಸ್ ಪಾಯಿಂಟ್ ಬದಲಿಸುವ ಕಾಲ ಬಂದಾಗ ಈ ಬ್ಯಾಂಡ್ ಇರುವುದನ್ನೇ ತೆಗೆದುಕೊಳ್ಳಿ, ವೈಫೈ 6ಇ (6 ಗಿಗಾಹರ್ಟ್ಸ್ ಇರುವ ವೈಫೈ 6) ಆಗಲಿ 7 ಆಗಲಿ. ಅದಕ್ಕಾಗಿ ಈಗಿನದನ್ನು ಕಿತ್ತುಹಾಕಬೇಡಿ.

ಬದಲಾವಣೆ ಎಲ್ಲ ಒಟ್ಟಿಗೆ ಮಾಡಿದರೂ ತೊಂದರೆ ಇಲ್ಲ, ಅಳತೆ ಮಾತ್ರ ಹಾಲ್ ತುಂಬಿದಾಗಲೇ ಮಾಡಿ. ಪ್ರತಿ ರೇಡಿಯೋದ ಚಾನೆಲ್ ಬಳಕೆ ಎಷ್ಟು ಶೇಕಡಾ, ರಿಟ್ರೈ (ಮತ್ತೆ ಕಳಿಸಬೇಕಾಗಿ ಬಂದ ಪ್ಯಾಕೆಟ್) ಎಷ್ಟು ಶೇಕಡಾ, ಸೇರಿಕೊಂಡ ಸಾಧನ ಎಷ್ಟು, ಈ ಮೂರು ಸಾಕು. ಬಳಕೆ 50 ದಾಟಿದರೆ ಜನಕ್ಕೆ ತಡ ಗೊತ್ತಾಗಲು ಶುರುವಾಗುತ್ತದೆ. ರಿಟ್ರೈ 20ಕ್ಕಿಂತ ಮೇಲೆ ನಿಂತರೆ ಎಲ್ಲೋ ಎರಡು ರೇಡಿಯೋ ಒಂದೇ ಚಾನೆಲ್ ಹಿಡಿದಿವೆ ಅಥವಾ ಹೊರಗಿನ ಯಾರದ್ದೋ ನೆಟ್‌ವರ್ಕ್ ಒಳಗೆ ಬರುತ್ತಿದೆ, ಅದನ್ನು ಹುಡುಕಿ. ಮುಂದಿನ ದೊಡ್ಡ ಕಾರ್ಯಕ್ರಮ ಆದ ಮೇಲೆ ಈ ಸಂಖ್ಯೆಗಳನ್ನೂ, ಚಾವಣಿಯ ಎತ್ತರವನ್ನೂ, ನಿಮ್ಮ ಕಂಟ್ರೋಲರ್ ತೋರಿಸುವ 5 ಗಿಗಾಹರ್ಟ್ಸ್ ಚಾನೆಲ್ ಪಟ್ಟಿಯನ್ನೂ ಕಳಿಸಿ. ಆಂಟೆನಾ ಬದಲಿಸಬೇಕಾ ಬೇಡವಾ ಅನ್ನುವುದನ್ನು ಅದನ್ನು ನೋಡಿ ಹೇಳುತ್ತೇನೆ.